ಮೇಲಿನ ಶೀಟು ಮುಚ್ಚುವ ಮೊದಲು ರೆಕ್ಕೆಯನ್ನೊಮ್ಮೆ ತಿರುಗಿಸಿ ನೋಡಿ

ಕಾರವಾರದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಮರಗೆಲಸ ನನ್ನ ವಿಭಾಗ. ಏರೋಮಾಡೆಲಿಂಗ್ ಹುಡುಗರ ರೇಡಿಯೋ ಕಂಟ್ರೋಲ್ ಟ್ರೇನರ್ ಕಿಟ್‌ಗಳೂ, ಅಂದರೆ ಹೊಸಬರು ಹಾರಿಸಲು ಕಲಿಯುವ ಮಾದರಿ ವಿಮಾನದ ಬಿಡಿಭಾಗಗಳೂ, ಈಗ ನನ್ನ ಮೇಜಿಗೇ ಬರುತ್ತವೆ. ಬಂದವರೆಲ್ಲ ಮೊದಲು ಕೇಳುವುದು ಮೋಟಾರ್ ಯಾವುದು, ಬ್ಯಾಟರಿ ಎಷ್ಟು ಸೆಲ್ ಅಂತ. ರೆಕ್ಕೆ ಅಂದರೆ ಅವರಿಗೆ ಲೇಸರ್‌ನಲ್ಲಿ ಕತ್ತರಿಸಿ ಬಂದ ತುಂಡುಗಳನ್ನು ನಂಬರ್ ನೋಡಿ ಅಂಟಿಸಿ ಮುಗಿಸುವ ಕೆಲಸ. ನಾನು ಮಾತ್ರ ಮೋಟಾರಿನ ಡಬ್ಬಿ ಬದಿಗಿಡಿಸಿ ರೆಕ್ಕೆಯಿಂದಲೇ ಶುರು ಮಾಡಿಸುತ್ತೇನೆ.

ಟ್ರೇನರ್ ರೆಕ್ಕೆಯ ಒಳಗಿನ ರಚನೆ ಸರಳ. ರೆಕ್ಕೆಗೆ ಆಕಾರ ಕೊಡುವ ಒಂದೇ ಅಳತೆಯ ಅಡ್ಡ ತುಂಡುಗಳ, ಅಂದರೆ ರಿಬ್‌ಗಳ ಸಾಲು, ಅವುಗಳ ಮೇಲೊಂದು ಕೆಳಗೊಂದು ಉದ್ದಕ್ಕೆ ಓಡುವ ಕಡ್ಡಿ ಅಂದರೆ ಸ್ಪಾರ್, ಮುಂದಿನ ಅಂಚು ಲೀಡಿಂಗ್ ಎಡ್ಜ್, ಹಿಂದಿನ ಅಂಚು ಟ್ರೈಲಿಂಗ್ ಎಡ್ಜ್. ಎರಡು ಸ್ಪಾರ್‌ಗಳ ನಡುವಿನ ಸಂದಿಗೆ ಬಾಲ್ಸಾ ಎಂಬ ಹಗುರ ಮರದ ತೆಳು ತುಂಡು ಕೂರಿಸಬೇಕು, ಅದೇ ಷಿಯರ್ ವೆಬ್. ಅದರ ಎಳೆ ಮೇಲಿಂದ ಕೆಳಕ್ಕೆ ನಿಂತಿರಬೇಕು. ಉದ್ದ ಪಟ್ಟಿ ಸೀಳಿಕೊಂಡು ಅಡ್ಡ ಎಳೆಯಲ್ಲೇ ತುಂಬಿಬಿಡುವುದು ಹುಡುಗರಿಗೆ ಸುಲಭ, ಆದರೆ ಹಾಗೆ ಹಾಕಿದ ವೆಬ್ ಇದ್ದೂ ಇಲ್ಲದಂತೆ. ಹಾರಾಟದಲ್ಲಿ ರೆಕ್ಕೆ ಮೇಲಕ್ಕೆ ಬಾಗುವಾಗ ಮೇಲಿನ ಸ್ಪಾರ್ ಅದುಮಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಎರಡನ್ನೂ ಒಂದೇ ತೊಲೆಯಂತೆ ಹಿಡಿದಿಡುವುದು ಆ ನಿಂತ ಎಳೆಯೇ. ಇದನ್ನು ಬಿಟ್ಟು ಸ್ಪಾರನ್ನೇ ದಪ್ಪ ಮಾಡಲು ಹೊರಟರೆ ತೂಕ ಏರುತ್ತದೆ, ಅಷ್ಟೇ.

ಇಷ್ಟೆಲ್ಲ ಬಾಗದಿರಲು. ತಿರುಚದಿರಲು ಬೇಕಾದದ್ದು ಬೇರೆ. ಲೀಡಿಂಗ್ ಎಡ್ಜಿನಿಂದ ಸ್ಪಾರ್‌ವರೆಗೆ ಕೆಳಗೂ ಮೇಲೂ ತೆಳು ಬಾಲ್ಸಾ ಶೀಟು ಬರುತ್ತದೆ. ಕೆಳಗಿನ ಶೀಟು, ವೆಬ್, ಮೇಲಿನ ಶೀಟು ಮೂರೂ ಸೇರಿದಾಗ ರೆಕ್ಕೆಯ ಮುಂಭಾಗ ಮುಚ್ಚಿದ ಕೊಳವೆಯಾಗುತ್ತದೆ. ಅಗರಬತ್ತಿಯ ರಟ್ಟಿನ ಕೊಳವೆಯನ್ನು ಹುಡುಗರ ಕೈಗೆ ಕೊಟ್ಟು ತಿರುಚಲು ಹೇಳುತ್ತೇನೆ, ಆಗುವುದಿಲ್ಲ. ಉದ್ದಕ್ಕೆ ಬ್ಲೇಡ್ ಎಳೆದು ಸೀಳಿ ಮತ್ತೆ ಕೊಡುತ್ತೇನೆ, ಎರಡು ಬೆರಳಿಗೇ ಸುರುಳುತ್ತದೆ. ಮೇಲಿನ ಶೀಟು ಬೀಳುವವರೆಗೆ ರೆಕ್ಕೆ ಆ ಸೀಳಿದ ಕೊಳವೆ. ಬಿದ್ದ ಮೇಲೆ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಕಲ್ಲು. ಓರೆ ಇದ್ದರೆ ಓರೆಯೂ ಒಳಗೇ ಬಂದಿ.

ಹಾಗಾಗಿ ನನ್ನ ವರ್ಕ್‌ಶಾಪಿನಲ್ಲಿ ಒಂದೇ ಕಟ್ಟುನಿಟ್ಟು: ಮೇಲಿನ ಶೀಟಿಗೆ ಅಂಟು ಹಚ್ಚುವ ಮುಂಚೆ ರೆಕ್ಕೆ ನನಗೆ ತೋರಿಸಬೇಕು. ನೋಡುವ ವಿಧಾನ ಬಡಗಿಗಳದ್ದೇ. ಕಿಟಕಿ ಕೆಲಸದವರ ಹತ್ತಿರ ಉಳಿದ ಅಲ್ಯೂಮಿನಿಯಂ ಚಾನೆಲ್‌ನಿಂದ ಸಮ ಅಗಲದ ಎರಡು ನೇರ ಪಟ್ಟಿ ಮಾಡಿಟ್ಟುಕೊಂಡಿದ್ದೇನೆ, ಒಂದೊಂದೂ ಸುಮಾರು 60 ಸೆಂಟಿಮೀಟರ್. ಟ್ರೇನರ್ ರೆಕ್ಕೆಯ ತಳ ಸಾಮಾನ್ಯವಾಗಿ ಚಪ್ಪಟೆ, ಹಾಗಾಗಿ ಅದನ್ನು ಮಗುಚಿ ಬುಡದ ರಿಬ್ ಮೇಲೆ ಒಂದು ಪಟ್ಟಿ, ತುದಿಯ ರಿಬ್ ಮೇಲೆ ಇನ್ನೊಂದು ಪಟ್ಟಿ ಅಡ್ಡಕ್ಕೆ ಇಡುವುದು. ಆಮೇಲೆ ತುದಿಯ ಕಡೆಯಿಂದ ಬಗ್ಗಿ, ಒಂದು ಕಣ್ಣು ಮುಚ್ಚಿ, ಹತ್ತಿರದ ಪಟ್ಟಿಯ ಅಂಚಿನ ಮೇಲಿಂದ ದೂರದ ಪಟ್ಟಿಯ ಅಂಚು ನೋಡುವುದು. ಎರಡೂ ಗೆರೆ ಸಮ ಕಂಡರೆ ಸರಿ. ಒಂದು ಕಡೆ ಸಂದಿ ಕಂಡರೆ ತಿರುಚಿದೆ. ಪಟ್ಟಿ ರೆಕ್ಕೆಯ ಅಗಲದ ಎರಡರಷ್ಟಿದ್ದರೆ ಒಂದು ಮಿಲಿಮೀಟರ್ ಓರೆ ಎರಡಾಗಿ ಕಾಣುತ್ತದೆ, ಉದ್ದ ಬೇಕು ಅನ್ನುವುದು ಅದಕ್ಕೇ. ನಮ್ಮಲ್ಲಿ ಬಾಗಿಲು ರಿಪೇರಿಗೆ ಬಂದಿದ್ದ ಆಚಾರಿಯೊಬ್ಬರು ಇದನ್ನು ನಿಂತು ನೋಡಿ, "ಬಾಗ್ಲಾದ್ರೆ ರಂದ ಹೊಡ್ದು ಸರಿ ಮಾಡ್ಬಹುದು, ಇದಕ್ಕೆ ಎಂತ ಮಾಡ್ತ್ರಿ ಸರ್?" ಅಂದರು. ಸರಿಯಾದ ಪ್ರಶ್ನೆ. ಈ ಹಂತದಲ್ಲಾದರೆ ಉಪಾಯ ಇದೆ: ರೆಕ್ಕೆಯನ್ನು ಮತ್ತೆ ಅದನ್ನು ಕಟ್ಟಿದ ಬೋರ್ಡಿಗೆ ಕೂರಿಸಿ, ಮೇಲೆ ತೂಕ ಹೇರಿ, ಬೋರ್ಡಿಗೆ ಒತ್ತಿದಂತೆ ಇಟ್ಟು ಶೀಟು ಅಂಟಿಸಿದರೆ ಓರೆ ಹೋಗುತ್ತದೆ.

ಆ ಬೋರ್ಡೇ ನೆಟ್ಟಗಿಲ್ಲದಿದ್ದರೆ? ಕರಾವಳಿಯಲ್ಲಿ ಇದು ದೊಡ್ಡ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪ್ಲೈವುಡ್ ಮೇಜೂ ಉಸಿರಾಡುತ್ತದೆ. ನಾವು ಕಡಪ ಕಲ್ಲಿನ ಹಾಸಿನ ಮೇಲೆ ಗುಂಡುಪಿನ್ ಇಳಿಯುವಷ್ಟು ಮೆತ್ತನೆಯ ಸಾಫ್ಟ್‌ಬೋರ್ಡ್ ಹಾಕಿ, ಅದರ ಮೇಲೆ ರೆಕ್ಕೆಯ ನಕ್ಷೆ ಅಂದರೆ ಪ್ಲಾನ್, ಪ್ಲಾನ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಕಲ್ಲು ಮಳೆಗಾಲಕ್ಕೆ ಉಬ್ಬುವುದಿಲ್ಲ.

ಶಿರಸಿ ಕಡೆಯ ಹುಡುಗರು ಬಾಲ್ಸಾವನ್ನು ಮನೆಯ ಅಟ್ಟದ ಮೇಲೆ, ಒಲೆಯ ಶಾಖಕ್ಕೆ ಒಣಗಿಸಿ ತರುವುದುಂಟು. ಅಡಿಕೆಗೆ ಅದು ಸರಿ. ಬಾಲ್ಸಾ ಮಾತ್ರ ನಮ್ಮ ಕೋಣೆಯ ಹಸಿ ಗಾಳಿಗೆ ಬಂದ ಕೂಡಲೇ ತೇವ ಹೀರಿ ಮತ್ತೆ ಹಿಗ್ಗುತ್ತದೆ, ಅದೂ ಅಂಟಿಸಿದ ಮೇಲೆ. ಕಟ್ಟುವ ಕೋಣೆಯಲ್ಲೇ ಶೀಟುಗಳನ್ನು ಕೆಲವು ದಿನ ಬಿಡಿಸಿಟ್ಟು ಆಮೇಲೆ ಕೆಲಸ ಶುರು ಮಾಡುವುದು ಒಳ್ಳೆಯದು. ಅಂಟಿಗೂ ಮಳೆಗಾಲ ಬೇರೆ. ಫೆವಿಕ್ವಿಕ್ ಜಾತಿಯ ಅಂಟು ಗಟ್ಟಿಯಾಗುವುದೇ ತೇವದಿಂದ, ಜುಲೈಯಲ್ಲಿ ರಿಬ್ ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಹಿಡಿದುಬಿಡುತ್ತದೆ. ಹಾಗಾಗಿ ಮೊದಲು ಜೋಡಿಸಿ, ಮೂಲೆಮಟ್ಟ ಹಿಡಿದು, ಆಮೇಲೆ ಸಂದಿಗೆ ಹನಿ ಬಿಡಿ. ಫೆವಿಕಾಲಿನದು ಉಲ್ಟಾ ತಕರಾರು: ನೀರಿನಂಶ ಇರುವುದರಿಂದ ಶೀಟಿನ ಒಂದೇ ಮುಖಕ್ಕೆ ಧಾರಾಳ ಬಳಿದರೆ ಶೀಟು ದೋಣಿಯಾಗುತ್ತದೆ. ರಿಬ್ಬಿನ ಅಂಚಿಗೆ ತೆಳ್ಳಗೆ ಎಳೆದರೆ ಸಾಕು.

"ಎರಡು ಮಿಲಿಮೀಟರ್ ಅಷ್ಟೇ ಅಲ್ವಾ ಸರ್, ಟ್ರಿಮ್ ಕೊಟ್ರೆ ಹೋಯ್ತು" ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಟ್ರಿಮ್ ಅಂದರೆ ವಿಮಾನ ಒಂದು ಕಡೆ ವಾಲದಂತೆ ರಿಮೋಟಿನಿಂದ ಕೊಟ್ಟಿಡುವ ಸಣ್ಣ ತಿದ್ದುಪಡಿ. ವೇಗದಲ್ಲಿ ಹಾರುವಾಗ ಹೋಗುತ್ತದೆ, ನಿಜ. ಇಳಿಸಲು ವೇಗ ತಗ್ಗಿಸಿ ಮೂತಿ ಎತ್ತಿದಾಗ ತಿರುಚಿನಿಂದಲೋ ಕೊಟ್ಟ ಟ್ರಿಮ್‌ನಿಂದಲೋ ಒಂದು ತುದಿ ಇನ್ನೊಂದಕ್ಕಿಂತ ಮೊದಲು ಗಾಳಿಯ ಹಿಡಿತ ಬಿಡುತ್ತದೆ. ಆ ಕಡೆಯ ರೆಕ್ಕೆ ದಬಕ್ಕನೆ ಕುಸಿಯುತ್ತದೆ, ನೆಲದಿಂದ ನಾಲ್ಕಾಳೆತ್ತರದಲ್ಲಿ. ಹೊಸಬ ಕಲಿಯುವುದೇ ಇಳಿಸುವುದನ್ನು, ಅವನ ವಿಮಾನ ಕೈಕೊಡುವುದೂ ಅಲ್ಲೇ. ತುದಿ ತಡವಾಗಿ ಕೈಬಿಡಲಿ ಎಂದೇ ಕೆಲವು ಪ್ಲಾನ್‌ಗಳಲ್ಲಿ ಎರಡೂ ತುದಿಯ ಹಿಂಬದಿಯನ್ನು ಕೆಲವು ಮಿಲಿಮೀಟರ್ ಎತ್ತಿ ಕಟ್ಟಲು ಹೇಳಿರುತ್ತದೆ. ಅದಕ್ಕೆ ವಾಶ್‌ಔಟ್ ಅನ್ನುತ್ತಾರೆ. ಎಡ ಬಲ ಒಂದೇ ಸಮ ಇದ್ದರೆ ಅದು ಗುಣ, ಒಂದೇ ಕಡೆ ಇದ್ದರೆ ರೋಗ.

ಡೈಹೆಡ್ರಲ್, ಅಂದರೆ ರೆಕ್ಕೆಯ ಎರಡೂ ಭಾಗ ತುದಿಯತ್ತ ಮೇಲಕ್ಕೆ ಎದ್ದಿರುವುದು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಭಾಗ ಬೋರ್ಡಿಗೆ ಮಟ್ಟ, ಇನ್ನೊಂದರ ತುದಿ ಪ್ಲಾನ್ ಹೇಳಿದ ಎತ್ತರಕ್ಕೆ, ನಡುವೆ ಪ್ಲೈವುಡ್ ಬ್ರೇಸ್, ನಿಧಾನ ಹಿಡಿಯುವ ಎಪಾಕ್ಸಿ. ಇಲ್ಲಿಯ ಟ್ಯಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟ ಚಪಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಟುಪೊಲೆವ್ ವಿಮಾನ ನೋಡಿಬಂದವರು, ಅದರ ರೆಕ್ಕೆ ಕೆಳಕ್ಕೆ ಇಳಿದಂತಿದೆಯಲ್ಲ, ನಮ್ಮದೇಕೆ ಮೇಲೆ ಎಂದು ಕೇಳುತ್ತಾರೆ. ಅದನ್ನು ನಡೆಸುತ್ತಿದ್ದವರು ಪಳಗಿದ ಪೈಲಟ್‌ಗಳು, ನಮ್ಮದು ಗಾಳಿಗೆ ವಾಲಿದರೆ ತಾನಾಗಿ ನೆಟ್ಟಗಾಗಬೇಕು ಅಂತಷ್ಟೇ ಹೇಳಿ ಕೆಲಸಕ್ಕೆ ಕಳಿಸುತ್ತೇನೆ.

ರೆಕ್ಕೆಗೆ ಹೊದಿಸುವ, ಬಿಸಿಗೆ ಬಿಗಿಯಾಗುವ ಪ್ಲಾಸ್ಟಿಕ್ ಫಿಲ್ಮ್ ಇಸ್ತ್ರಿ ಮಾಡುವಾಗಲೂ ತಿರುಚು ನುಸುಳಬಹುದು. ಒಂದು ಮುಖವನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ, ಕೆಳಗೆ ಸ್ವಲ್ಪ, ಮೇಲೆ ಸ್ವಲ್ಪ ಬಿಸಿ ಕೊಡುತ್ತ ಬನ್ನಿ. ಸಣ್ಣ ಓರೆ ಉಳಿದಿದ್ದರೆ ಒಬ್ಬರು ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದು, ಇನ್ನೊಬ್ಬರು ಫಿಲ್ಮ್ ಮತ್ತೆ ಕಾಯಿಸಿದರೆ ಹಿಂಭಾಗದ ತೆರೆದ ಕಟ್ಟು ಸ್ವಲ್ಪ ಒಪ್ಪಿಕೊಳ್ಳುತ್ತದೆ. ಶೀಟಿನೊಳಗೆ ಬಂದಿಯಾದದ್ದಕ್ಕೆ ಇದು ನಡೆಯುವುದಿಲ್ಲ.

ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಸಮುದ್ರದಂಡೆಯಲ್ಲಿ ಹಾರಿಸುವ ಆಸೆ ಬಿಡಿ. ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇರುವ ಜಾಗ ನೋಡಿಕೊಂಡು ನಾವು ಘಟ್ಟ ಹತ್ತುತ್ತೇವೆ, ಬನವಾಸಿ ಕಡೆಯ ಕೊಯ್ಲಾದ ಗದ್ದೆಗಳಿಗೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ರೆಕ್ಕೆಯನ್ನು ಕಾರಿನ ಹಿಂಗಾಜಿನಡಿ ಬಿಸಿಲಿಗೆ ಬಿಟ್ಟರೆ ಫಿಲ್ಮ್ ಸಡಿಲವಾಗಿ, ಸರಿಮಾಡಿದ ತಿರುಚು ವಾಪಸ್ ಬರುತ್ತದೆ. ಬೆಡ್‌ಶೀಟಿನಲ್ಲಿ ಸುತ್ತಿ ಸೀಟಿನ ಕೆಳಗಿಡಿ. ರೆಕ್ಕೆ ಕಟ್ಟುವ ರಬ್ಬರ್‌ಬ್ಯಾಂಡ್ ಹೊಸದೇ ಇರಲಿ, ಹಳೆಯದು ಬಿಸಿಲಿಗೆ ಅಂಟಂಟಾಗಿ ಪಟಕ್ಕನೆ ಹರಿಯುತ್ತದೆ.