ಬಟ್ಟೆ ಒಗೆಯುವವಳ ಮಗಳು

ದೀಪಾವಳಿ ಕಳೆದ ಮೇಲೆ ನಮ್ಮ ಸಾಗರದ ಕಡೆಯ ಅಡಿಕೆ ಮನೆಗಳಲ್ಲಿ ರಾತ್ರಿ ಹತ್ತಾದರೂ ಅಂಗಳದ ದೀಪ ಆರುವುದಿಲ್ಲ. ಕೊನೆ ಕೊಯ್ದು ತಂದು ಹಾಕಿದ ರಾಶಿಯ ಸುತ್ತ ಹೆಂಗಸರು ಮೆಟ್ಟುಗತ್ತಿ ಹಿಡಿದು ಕುಳಿತು, ಡಬ್ಬಿಗಿಷ್ಟು ಎಂಬ ಲೆಕ್ಕದಲ್ಲಿ ಸುಲಿಯುತ್ತಾರೆ. ಚೊಗರು ಹತ್ತಿದ ಅವರ ಬೆರಳುಗಳ ಕಪ್ಪು ಸುಗ್ಗಿ ಮುಗಿದ ಎಷ್ಟೋ ದಿನಗಳವರೆಗೆ ಹೋಗುವುದಿಲ್ಲ. ಕಳೆದ ಸುಗ್ಗಿಯಲ್ಲಿ ಅದೇ ಅಂಗಳದ ಮೂಲೆಯಲ್ಲಿ ಕುಳಿತು ನಾನು ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿಯ ‘ಡಾಟರ್ ಆಫ್ ಅರ್ತ್’ ಕಾದಂಬರಿಯನ್ನು ಎರಡನೆಯ ಸಲ ಓದಿದೆ. ಅದರ ಮೊದಲ ಭಾಗದ ತುಂಬ ಇರುವುದು ಊರವರ ಬಟ್ಟೆ ಒಗೆದು ಸಂಸಾರ ತೂಗಿಸುವ ಒಬ್ಬ ತಾಯಿ. ಆ ತಾಯಿಯ ಕೈಗಳ ಬಗ್ಗೆ ಓದುವಾಗಲೆಲ್ಲ ನನ್ನ ಕಣ್ಣು ಎದುರಿನ ಕೈಗಳ ಕಡೆಗೆ ಹೋಗುತ್ತಿತ್ತು.

ಸ್ಮೆಡ್ಲಿ ಹುಟ್ಟಿದ್ದು 1892ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಆಸ್ಗುಡ್ ಎಂಬ ಹಳ್ಳಿಯಲ್ಲಿ. ತಂದೆ ಒಂದು ಕಡೆ ನಿಲ್ಲುವ ಜಾತಿಯವನಲ್ಲ. ಅವನ ಬೆನ್ನಿಗೆ ಸಂಸಾರ ಕೊಲೊರಾಡೊದ ಕಲ್ಲಿದ್ದಲು ಗಣಿಗಳ ಊರಾದ ಟ್ರಿನಿಡಾಡ್‌ಗೆ ಬಂತು. ಹುಡುಗಿಗೆ ಹದಿನೆಂಟು ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು. ಆ ಮೊದಲೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದ್ದ ಆಗ್ನೆಸ್ ಆಮೇಲೆ ಅಲ್ಲಿ ಇಲ್ಲಿ ಕೆಲಸ ಮಾಡುತ್ತ ಅರಿಜೋನಾದಲ್ಲಿ ಅಷ್ಟಿಷ್ಟು ಓದಿದಳು, ಮದುವೆಯಾದಳು, ಮದುವೆ ಮುರಿಯಿತು. ಈ ಭಾಗವನ್ನು ಬೇಗ ದಾಟುತ್ತೇನೆ, ಏಕೆಂದರೆ ನಮಗೆ ಸಂಬಂಧಿಸಿದ ಕಥೆ ನ್ಯೂಯಾರ್ಕಿನಲ್ಲಿ ಶುರುವಾಗುತ್ತದೆ.

ಆ ಊರಿನಲ್ಲಿ ಆಗ ಲಾಲಾ ಲಜಪತ ರಾಯರು ದೇಶಭ್ರಷ್ಟರಾಗಿ ನೆಲೆಸಿದ್ದರು. ಸ್ಮೆಡ್ಲಿ ಅವರ ಮಾತು ಕೇಳಿ, ಅವರಿಂದ ಭಾರತದ ಇತಿಹಾಸವನ್ನು ಪಾಠದಂತೆ ಕಲಿತು, ಅವರ ಬರವಣಿಗೆಯ ಕೆಲಸಕ್ಕೂ ಕೈ ಜೋಡಿಸಿದಳು. ಬಂಗಾಳದ ಕ್ರಾಂತಿಕಾರಿಗಳ ಸಂಪರ್ಕವೂ ಬಂತು. 1918ರ ಮಾರ್ಚ್‌ನಲ್ಲಿ ಶೈಲೇಂದ್ರನಾಥ ಘೋಷ್ ಮತ್ತು ಆಕೆ ಒಟ್ಟಿಗೇ ಬಂಧಿತರಾದರು. ಭಾರತದ ಸ್ವಾತಂತ್ರ್ಯಕ್ಕಾಗಿ ಗುಟ್ಟಾಗಿ ದುಡಿದರೆಂಬುದು ಮುಖ್ಯ ಆರೋಪ; ಸಂತಾನ ನಿಯಂತ್ರಣದ ಕರಪತ್ರ ಇಟ್ಟುಕೊಂಡಿದ್ದಳೆಂಬುದು ಆಕೆಯ ಮೇಲೆ ಹೊರಿಸಿದ ಇನ್ನೊಂದು ಅಪರಾಧ. ‘ಟೂಂಬ್ಸ್’ ಎಂದು ಹೆಸರಾದ ಜೈಲಿನಲ್ಲಿ ಆಕೆ ಜೊತೆಗಿದ್ದ ಹೆಂಗಸರ ಕಥೆಗಳನ್ನು ಬರೆದಳು. ಆಕೆಯೊಳಗಿನ ಪತ್ರಕರ್ತೆಯೂ ಕಥೆಗಾರ್ತಿಯೂ ಒಂದೇ ಹೊಟ್ಟೆಯಿಂದ ಬಂದವರೆಂದು ನನಗೆ ಅನಿಸಿದ್ದು ಅವನ್ನು ಓದಿದಾಗ. ನಮ್ಮ ದೇಶದ ಸಲುವಾಗಿ ಜೈಲು ಕಂಡ ಈ ಹೆಂಗಸಿನ ಹೆಸರನ್ನು ನಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ ಎಂಬ ಬೇಸರ ಇಂದಿಗೂ ಇದೆ.

ಮೊದಲ ಮಹಾಯುದ್ಧದ ನಂತರ ಆಕೆ ಬರ್ಲಿನ್ನಿಗೆ ಹೋದಳು. ಅಲ್ಲಿ ಸರೋಜಿನಿ ನಾಯ್ಡು ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ವೀರೇಂದ್ರನಾಥ ಚಟ್ಟೋಪಾಧ್ಯಾಯರೊಂದಿಗೆ ಹಲವು ವರ್ಷ ಬಾಳಿದಳು. ಬಡತನ, ಬೇಹುಗಾರರ ಕಣ್ಣು, ಮನೆಗೆ ಬಂದುಹೋಗುವ ಭಾರತೀಯರಿಗೆಲ್ಲ ಅಡುಗೆ, ಆಕೆಯ ಹಿಂದಿನ ಬದುಕಿನ ಬಗ್ಗೆ ಆತನ ಸಂಶಯ, ಇವೆಲ್ಲ ಸೇರಿ ಆಕೆಯ ಮನಸ್ಸು ಕುಸಿಯಿತು. ಕಾದಂಬರಿ ಹುಟ್ಟಿದ್ದು ಆ ಕಾಯಿಲೆಯಿಂದ ಚೇತರಿಸಿಕೊಳ್ಳುವ ಪ್ರಯತ್ನವಾಗಿ. 1929ರಲ್ಲಿ ಅಚ್ಚಾದ ‘ಡಾಟರ್ ಆಫ್ ಅರ್ತ್’ನಲ್ಲಿ ನಾಯಕಿಯ ಹೆಸರು ಮೇರಿ ರೋಜರ್ಸ್ ಎಂದಿದ್ದರೂ ಬದುಕು ಸ್ಮೆಡ್ಲಿಯದೇ. ಕೊನೆಯ ಭಾಗದಲ್ಲಿ ಬರುವ ಭಾರತೀಯ ಕ್ರಾಂತಿಕಾರಿಗಳನ್ನು ಆಕೆ ಪೂಜೆಗೆ ಕೂರಿಸಿಲ್ಲ; ದೇಶದ ಬಿಡುಗಡೆಗೆ ಪ್ರಾಣ ಕೊಡಲು ಸಿದ್ಧರಿರುವ ಗಂಡಸರು ಮನೆಯ ಹೆಂಗಸಿಗೆ ಕೊಡುವ ಬಿಡುಗಡೆ ಎಷ್ಟು ಎಂಬುದನ್ನು ಅಳೆದು ತೋರಿಸಿದ್ದಾಳೆ. ಆ ಭಾಗದಲ್ಲಿ ಅಲ್ಲಲ್ಲಿ ಭಾಷಣದ ದನಿ ಏರುತ್ತದೆ, ಅದು ನನಗೆ ಹಿಡಿಸುವುದಿಲ್ಲ. ಆದರೆ ಒಗೆಯುವ ತೊಟ್ಟಿಯ ಪಕ್ಕ ನಿಂತು ಬರೆದ ಪುಟಗಳಲ್ಲಿ ಒಂದು ಮಾತೂ ಹೆಚ್ಚಿಲ್ಲ.

ಸಾಗರದವರಿಗೆ ಹತ್ತಿರವಾದ ಒಂದು ಸಂಗತಿ ಇಲ್ಲಿದೆ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಅವರು ಓದಲು ಬರ್ಲಿನ್ನಿಗೆ ಹೋದದ್ದು 1929ರಲ್ಲಿ. ಸ್ಮೆಡ್ಲಿ ಆ ಊರನ್ನು ಬಿಟ್ಟದ್ದು ಅದಕ್ಕೆ ಸ್ವಲ್ಪ ಮುಂಚೆ, 1928ರ ಕೊನೆಯಲ್ಲಿ.

ಆಕೆ ಹೋದದ್ದು ಚೀನಾಕ್ಕೆ, ‘ಫ್ರಾಂಕ್‌ಫರ್ಟರ್ ಝೈಟುಂಗ್’ ಎಂಬ ಜರ್ಮನ್ ಪತ್ರಿಕೆಯ ವರದಿಗಾರ್ತಿಯಾಗಿ. ಮುಂದೆ ‘ಮ್ಯಾಂಚೆಸ್ಟರ್ ಗಾರ್ಡಿಯನ್’ಗೂ ಬರೆದಳು. ಶಾಂಘೈಯಲ್ಲಿ ಲೇಖಕ ಲು ಶುನ್ ಅವರ ಸ್ನೇಹ ಬೆಳೆಯಿತು. 1936ರ ಡಿಸೆಂಬರ್‌ನಲ್ಲಿ ಚೀನಾವನ್ನು ಆಳುತ್ತಿದ್ದ ಚಿಯಾಂಗ್ ಕೈ ಶೇಕ್ ತನ್ನದೇ ಸೇನಾಪತಿಗಳ ಕೈಯಲ್ಲಿ ಸೆರೆಯಾದಾಗ ಶಿಆನ್ ನಗರದಲ್ಲಿದ್ದ ಆಕೆ ಅಲ್ಲಿನ ರೇಡಿಯೊದಿಂದ ಇಂಗ್ಲಿಷಿನಲ್ಲಿ ಸುದ್ದಿ ಹೇಳಿದಳು. ಮರುವರ್ಷ ಯೆನಾನ್‌ಗೆ ಹೋಗಿ ಅಲ್ಲಿನ ಕಮ್ಯುನಿಸ್ಟ್ ಸೇನೆಯ ಸೇನಾಪತಿ ಝು ದೇ ಅವರ ಜೀವನ ಬರೆಯತೊಡಗಿದಳು. ತನ್ನ ಜೀವನವನ್ನೇ ಏಕೆ ಬರೆಯಬೇಕು ಎಂದು ಆತ ಕೇಳಿದ್ದಕ್ಕೆ, ನೀವು ರೈತರು, ಲೋಕದ ಬಹುಪಾಲು ಜನ ರೈತರೇ ಆಗಿದ್ದರೂ ಅವರ ಕಥೆಯನ್ನು ಯಾರೂ ಹೇಳಿಲ್ಲ ಎಂಬರ್ಥದ ಉತ್ತರ ಕೊಟ್ಟಳಂತೆ. ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿಸಿಕೊಳ್ಳಿ ಎಂದು ಆಕೆ ಅಲ್ಲಿ ಕೇಳಿಕೊಂಡಳು, ಅವರು ಒಪ್ಪಲಿಲ್ಲ. ಯಾರ ಶಿಸ್ತಿಗೂ ಬಗ್ಗದವಳೆಂಬುದು ಅವರಿಗೆ ಗೊತ್ತಿದ್ದಿರಬೇಕು.

ಜಪಾನಿನೊಂದಿಗಿನ ಯುದ್ಧದಲ್ಲಿ ಗಾಯಗೊಂಡ ಚೀನೀಯರಿಗೆ ವೈದ್ಯರನ್ನು ಕಳುಹಿಸಿ ಎಂದು ಝು ದೇ ಅವರು ನೆಹರೂ ಅವರಿಗೆ ಪತ್ರ ಬರೆದದ್ದರ ಹಿಂದೆಯೂ ಇದ್ದವಳು ಈಕೆ. ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಅವರ ಹೆಸರು ಎಲ್ಲರಿಗೂ ಗೊತ್ತು.

ಯುದ್ಧದ ನಡುವೆ ಗೆರಿಲ್ಲಾ ತುಕಡಿಯೊಂದರಲ್ಲಿ ಶೆನ್ ಎಂಬ ಪುಟ್ಟ ಹುಡುಗ ಆಕೆಯ ಆಳಾಗಿದ್ದ. ನೀರು ಕಾಯಿಸಿ ತಂದುಕೊಡುವುದು, ಆಕೆಯ ಸಾಮಾನು ಕಾಯುವುದು ಅವನ ಕೆಲಸ. ಮಕ್ಕಳಿಲ್ಲದ ಆಕೆ ಅವನನ್ನು ದತ್ತು ತೆಗೆದುಕೊಂಡು ಓದಿಸಬೇಕೆಂದಿದ್ದಳು. ಹುಡುಗ ಯೋಚಿಸಿ, ಈಗ ಗಂಡಸರೆಲ್ಲ ರಣರಂಗದಲ್ಲೇ ಇರಬೇಕು, ಗೆದ್ದ ಮೇಲೆ ಬೇಕಾದರೆ ದತ್ತು ಮಾಡಿಕೊಳ್ಳಿ ಎಂದ. 1943ರಲ್ಲಿ ಬಂದ ‘ಬ್ಯಾಟಲ್ ಹಿಮ್ ಆಫ್ ಚೀನಾ’ದಲ್ಲಿ ಈ ಪ್ರಸಂಗವಿದೆ. ಅಂಗಳದಲ್ಲಿ ನಾನು ಇದನ್ನು ಹೇಳಿದಾಗ ಸುಲಿಯುತ್ತಿದ್ದ ಹಿರಿಯಳೊಬ್ಬಳು ಕೇಳಿದಳು:

“ಆಮೇಲೆ ಮಾಡ್ಕಂಡ್ಲಾ ಅಮ್ಮ?”

“ಇಲ್ಲ ಕಣೇ, ಗೆಲ್ಲೋ ಹೊತ್ತಿಗೆ ಅವಳು ಅಲ್ಲಿರಲಿಲ್ಲ.”

1941ರಲ್ಲಿ ಕಾಯಿಲೆ ಆಕೆಯನ್ನು ಅಮೆರಿಕಕ್ಕೆ ಮರಳಿಸಿತ್ತು. 1949ರ ಫೆಬ್ರವರಿಯಲ್ಲಿ ಅಮೆರಿಕದ ಸೇನೆ ಹೊರಡಿಸಿದ ವರದಿ ಆಕೆಯನ್ನು ಸೋವಿಯತ್ ಬೇಹುಗಾರ್ತಿ ಎಂದಿತು. ಆಕೆ ಪ್ರತಿಭಟಿಸಿದ ಕೆಲವೇ ದಿನಗಳಲ್ಲಿ ಸೇನೆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಶಾಂಘೈಯಲ್ಲಿ ಸೋವಿಯತ್ ಬೇಹುಗಾರ ರಿಚರ್ಡ್ ಸೋರ್ಗೆಯ ಜಾಲಕ್ಕೆ ಆಕೆ ನೆರವಾಗಿದ್ದಳೆಂದು 2005ರಲ್ಲಿ ಬಂದ ರೂತ್ ಪ್ರೈಸ್ ಅವರ ಜೀವನಚರಿತ್ರೆ ವಾದಿಸುತ್ತದೆ. ಆ ವಾದ ನನಗೆ ನಂಬುವಂತೆಯೇ ಕಾಣುತ್ತದೆ, ಹಾಗಿದ್ದೂ ಆಕೆಯ ಬರವಣಿಗೆಯ ಮೇಲಿನ ಗೌರವ ಕಡಿಮೆಯಾಗಿಲ್ಲ. ಆದರೆ ಅಭಿಮಾನಿಗಳು ಆಕೆಯನ್ನು ಬರೀ ಬಲಿಪಶುವಾಗಿ ಚಿತ್ರಿಸುವುದು ಸರಿಯಲ್ಲ. ಏನು ಮಾಡಿದಳೋ ಅದನ್ನು ತಿಳಿದೇ ಮಾಡಿದಳು.

1949ರ ಕೊನೆಗೆ ಚೀನಾ ಸೇರುವ ಆಸೆಯಿಂದ ಇಂಗ್ಲೆಂಡಿಗೆ ಹೊರಟ ಆಕೆ, 1950ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹೊಟ್ಟೆಯ ಹುಣ್ಣಿನ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಚಿತಾಭಸ್ಮವನ್ನು ಮರುವರ್ಷ ಬೀಜಿಂಗಿನಲ್ಲಿ ಮಣ್ಣು ಮಾಡಿದರು. ಆಕೆ ಬರೆದಿಟ್ಟಿದ್ದ ಝು ದೇ ಅವರ ಜೀವನಚರಿತ್ರೆ ಅಚ್ಚಾದದ್ದು 1956ರಲ್ಲಿ.