ಬಾವಲಿಯ ಮೈಮೇಲಿನ ರೆಕ್ಕೆಯಿಲ್ಲದ ನೊಣ

ಸಂಕ್ರಾಂತಿ ಮುಗಿದ ಮರುವಾರ, ಪುಣೆಯ ನಮ್ಮ ಸೊಸೈಟಿಯ ಹಿಂಬದಿಯ ಹಳೆಯ ಆಲದ ಮರದಲ್ಲಿ ದೊಡ್ಡ ಹಣ್ಣುಬಾವಲಿಯೊಂದು ಗಾಳಿಪಟದ ನೈಲಾನ್ ಮಾಂಜಾಕ್ಕೆ ಸಿಕ್ಕಿಕೊಂಡು ನೇತಾಡುತ್ತಿತ್ತು. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ದಾರವನ್ನು ದೇಶದಾದ್ಯಂತ ನಿಷೇಧಿಸಿದ್ದರೂ ಅದು ಪ್ರತಿವರ್ಷ ನಮ್ಮ ಮರಗಳಲ್ಲಿ ಉಳಿಯುತ್ತದೆ. ಪಶುವೈದ್ಯಕೀಯ ಓದುತ್ತಿರುವ ನನ್ನ ಸೋದರಳಿಯ ಗೆಳೆಯರೊಡನೆ ಏಣಿ ಹಾಕಿ ಅದನ್ನು ಇಳಿಸಿದ. ದಪ್ಪ ಚರ್ಮದ ಕೈಗವಸು ತೊಟ್ಟು, ಟವೆಲ್‌ನಲ್ಲಿ ಸುತ್ತಿ ಹಿಡಿದುಕೊಂಡು, "ಮಾಮಾ, ಮಾಸ್ಕ್ ಹಾಕ್ಕೊಂಡ ಟಾರ್ಚ್ ಹಿಡೀರಿ, ಮುಟ್ಟಬ್ಯಾಡ್ರಿ" ಎಂದ.

ರೆಕ್ಕೆಯ ಪೊರೆಯಿಂದ ದಾರವನ್ನು ಎಳೆಎಳೆಯಾಗಿ ಕತ್ತರಿಸುತ್ತಿದ್ದಾಗ, ಕುತ್ತಿಗೆಯ ಹೊಂಬಣ್ಣದ ತುಪ್ಪಳದೊಳಗಿಂದ ಏನೋ ಒಂದು ಅಡ್ಡಡ್ಡವಾಗಿ ಓಡಿ, ಟಾರ್ಚಿನ ಬೆಳಕು ಬಿದ್ದೊಡನೆ ಮತ್ತೆ ಕೂದಲಲ್ಲಿ ಮುಳುಗಿತು. ಮೇಲಿನ ಮನೆಯ ಧಾರವಾಡದ ಅಜ್ಜಿ ಬಾಲ್ಕನಿಯಿಂದಲೇ "ಜೇಡ ಅದ ನೋಡೋ" ಎಂದರು. ಉದ್ದ ಕಾಲುಗಳನ್ನು ನೋಡಿದರೆ ಯಾರಿಗಾದರೂ ಹಾಗೆಯೇ ಅನಿಸಬೇಕು. ಆದರೆ ಕಾಲುಗಳು ಆರೇ ಇದ್ದವು.

ಅದು ನೊಣ. ಟವೆಲ್‌ಗೆ ಉದುರಿದ ಒಂದನ್ನು ಅಳಿಯ ಸ್ಪಿರಿಟ್ ಇದ್ದ ಸೀಸೆಗೆ ಹಾಕಿಕೊಂಡಿದ್ದ. ಸಂಜೆ ಅದನ್ನು ಮಸೂರದಡಿ ನೋಡಿದೆವು. ಹಾರುವ ರೆಕ್ಕೆಗಳು ಪೂರ್ತಿ ಇಲ್ಲವಾಗಿವೆ, ಆದರೆ ಹಾರಾಟದಲ್ಲಿ ಸಮತೋಲ ಕಾಯಲು ಎಲ್ಲ ನೊಣಗಳಿಗೂ ಇರುವ ಗುಂಡುತುದಿಯ ಪುಟ್ಟ ಕಡ್ಡಿಗಳು ಮಾತ್ರ ಹಾಗೆಯೇ ಉಳಿದಿವೆ. ತಲೆ ಹಿಂದಕ್ಕೆ ಮಡಚಿ ಬೆನ್ನಿನ ತೋಡಿನಲ್ಲಿ ಒರಗಿರುತ್ತದೆ. ರಕ್ತ ಹೀರಬೇಕಾದಾಗಷ್ಟೇ ಮುಂದಕ್ಕೆ ಬಾಗುತ್ತದೆ. ಕಾಲ ತುದಿಯ ಕೊಕ್ಕೆಗಳು ಕೂದಲನ್ನು ಬಿಗಿಯಾಗಿ ಹಿಡಿಯುತ್ತವೆ. ಇಷ್ಟೊಂದು ಹಿಡಿತ ಬೇಕಾಗಿರುವುದು ಗಾಳಿಯ ಸೆಳೆತಕ್ಕೆ ಮಾತ್ರವಲ್ಲ, ಆತಿಥೇಯನಿಗೂ ಹೆದರಿ: ಬಾವಲಿ ಮೈ ನೆಕ್ಕಿ, ಬಾಚಿ, ಸಿಕ್ಕಿದ ನೊಣವನ್ನು ನುಂಗಿಬಿಡುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಅದರ ಬಸಿರು. ಆಫ್ರಿಕಾದ ತ್ಸೆತ್ಸೆ ನೊಣದ ಬಳಗಕ್ಕೆ ಸೇರಿದ ಈ ಜೀವಿ ಮೊಟ್ಟೆಗಳನ್ನು ರಾಶಿ ಹಾಕುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಗರ್ಭದಲ್ಲೇ ಇಟ್ಟುಕೊಂಡು, ಒಳಗಿನ ಗ್ರಂಥಿಗಳಿಂದ ಒಸರುವ ಹಾಲಿನಂಥ ದ್ರವವನ್ನು ಕುಡಿಸಿ, ಪೂರ್ತಿ ಬೆಳೆಸಿದ ಮೇಲೆ ಬಾವಲಿಯ ಮೈಯಿಂದಿಳಿದು, ಅದು ಜೋತುಬೀಳುವ ಜಾಗದಲ್ಲೇ ಅಂಟಿಸಿ ಮರಳುತ್ತದೆ. ಅಲ್ಲೇ ಕೋಶವಾಗಿ, ವಾರಗಳ ನಂತರ ಹೊರಬಂದ ನೊಣ ಬೇಗನೆ ಬಾವಲಿಯೊಂದನ್ನು ಹತ್ತದಿದ್ದರೆ ಹಸಿದು ಸಾಯುತ್ತದೆ.

ನಮ್ಮ ಭಾಗದ ದೊಡ್ಡ ಹಣ್ಣುಬಾವಲಿಯ ಮೇಲಿರುವ ಜಾತಿಗೆ ಸೈಕ್ಲೋಪೋಡಿಯಾ ಸೈಕೆಸಿ ಎಂದು ಹೆಸರು. 1820ರ ದಶಕದಲ್ಲಿ ದಖ್ಖನ್ ಸುತ್ತಿ ಪ್ರಾಣಿಪಕ್ಷಿಗಳ ಪಟ್ಟಿ ಮಾಡಿದ ಬೊಂಬಾಯಿ ಸೇನೆಯ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ನೆನಪಿಗೆ, ವೆಸ್ಟ್‌ವುಡ್ ಎಂಬ ಕೀಟತಜ್ಞ 1835ರಲ್ಲಿ ಇಟ್ಟದ್ದು. ದೊಡ್ಡ ಅಧಿಕಾರಿಗೆ ಸಂದ ವಿಚಿತ್ರ ಗೌರವ ಎಂದು ನನಗೆ ನಗು ಬಂತು.

ಸೊಸೈಟಿಯಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಂದಿನಿಂದ ಬಾವಲಿಯೆಂದರೆ ಭಯವಿದ್ದೇ ಇತ್ತು. ಈಗ ರಕ್ತ ಹೀರುವ ಹುಳದ ಸುದ್ದಿ ಹಬ್ಬಿ, ಮರಕ್ಕೆ ಔಷಧಿ ಹೊಡೆಸಬೇಕೆಂಬ ಠರಾವು ಸಭೆಗೆ ಬಂತು. ಅಳಿಯ ಸಮಾಧಾನದಿಂದಲೇ ವಿವರಿಸಿದ: ಈ ನೊಣ ಬಾವಲಿಯನ್ನು ಬಿಟ್ಟು ಮನೆಯೊಳಗೆ ಬಂದು ಬದುಕಲಾರದು, ಎಚ್ಚರಿಕೆ ಬೇಕಾದದ್ದು ಬಾವಲಿಯ ಜೊಲ್ಲು, ಮೂತ್ರ ಮತ್ತು ಕಡಿತದ ಬಗ್ಗೆ, ಆದ್ದರಿಂದ ಅದು ಕಚ್ಚಿ ಬಿಟ್ಟ ಹಣ್ಣನ್ನು ಮಕ್ಕಳು ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಲಿ ಮುಟ್ಟಬಾರದು. ಮರದ ಕೆಳಗೆ ಆಡುವ ಮಕ್ಕಳ ಮೇಲೆ ಕೀಟನಾಶಕ ಸುರಿಯುವುದರಲ್ಲಿ ಯಾವ ಜಾಣತನವಿದೆ ಎಂದು ಅಜ್ಜಿಯೂ ಕೇಳಿದರು.

ಠರಾವು ಬಿದ್ದುಹೋಯಿತು. ಬದಲಿಗೆ ಕೊಂಬೆಗಳಲ್ಲಿ ಉಳಿದಿದ್ದ ಮಾಂಜಾ ತೆಗೆಸಲು ಹಣ ಮಂಜೂರಾಯಿತು, ಅದನ್ನು ವಿರೋಧಿಸಿದ್ದು ಖಜಾಂಚಿಯವರೊಬ್ಬರೇ.