ಸರ್ಕಲ್ ಬಂದಾಗಲೆಲ್ಲ ಬಿಗಿಯುವ ಬೆಲ್ಟು

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಹದಿನೇಳು ದಿನದಿಂದ ತಲೆ ತಿನ್ನುತ್ತಿದ್ದ ಸೀಟ್ ಬೆಲ್ಟಿನ ಸಮಸ್ಯೆಯ ಬುಡ ಮೊನ್ನೆ ಭಾನುವಾರ ಗೊತ್ತಾಯಿತು. ಅದನ್ನು ಹಿಡಿದುಕೊಟ್ಟಿದ್ದು ಯಾವ ಮೆಕಾನಿಕ್ಕೂ ಅಲ್ಲ, ಕಾರು ತೊಳೆದ ನೀರು.

ಗಾಡಿ ನಾನು ಸರಿ ಮಾಡುತ್ತಿರುವ ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ. ನಮ್ಮ ಮನೆಯಲ್ಲಿ ಈಗಲೂ ಅದಕ್ಕೆ ಫಿಯಟ್ ಅಂತಲೇ ಹೆಸರು. ಮುಂದಿನ ಸೀಟಿಗೆ ಕಾರ್ಖಾನೆಯಿಂದಲೇ ಬೆಲ್ಟು ಬರಬೇಕು ಅನ್ನುವ ನಿಯಮ ನಮ್ಮಲ್ಲಿ ಬಂದಿದ್ದು 1994ರಲ್ಲಿ. ಅದಾದ ಮೇಲೆ ಅಪ್ಪ ಎರಡು ಬೆಲ್ಟು ಹಾಕಿಸಿದ್ದರು. ಪಟ್ಟಿಯನ್ನು ತಾನೇ ಸುತ್ತಿಕೊಳ್ಳುವ ರೀಲು ಇಲ್ಲದ, ಕೈಯಲ್ಲೇ ಎಳೆದು ಬಿಗಿ ಮಾಡುವ ಹಳೇ ತರಹದ್ದು. ಅದನ್ನು ಸರಿಯಾಗಿ ಬಿಗಿ ಮಾಡಿಕೊಂಡರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಗುಂಡಿಗೆ ಕೈ ಎಟುಕುವುದಿಲ್ಲ. ಎಟುಕಲಿ ಅಂತ ಸಡಿಲ ಬಿಟ್ಟರೆ ಬೆಲ್ಟು ಹಾಕಿಯೂ ಹಾಕದ ಹಾಗೆ. ಜೊತೆಗೆ ಮೂವತ್ತು ವರ್ಷದ ಬಿಸಿಲಿಗೆ ಪಟ್ಟಿಯ ಅಂಚು ನೂಲು ನೂಲಾಗಿತ್ತು. ಮಗಳು ಈಗ ಮುಂದಿನ ಸೀಟಿಗೆ ಹಟ ಮಾಡುವಷ್ಟು ದೊಡ್ಡವಳಾಗಿದ್ದಾಳೆ. ರೀಲಿರುವ, ಭುಜ ಸೊಂಟ ಎರಡನ್ನೂ ಹಿಡಿಯುವ ಮೂರು ಪಾಯಿಂಟಿನ ಬೆಲ್ಟು ಹಾಕಲೇಬೇಕು ಅಂತ ಆವಾಗಲೇ ತೀರ್ಮಾನ ಮಾಡಿದೆ.

ಸೀಟು ಬಿಚ್ಚಿದ್ದು, ತುಕ್ಕು ಕೆರೆದಿದ್ದು, ಬಕಲ್‌ಗೆ ನೆಲದಲ್ಲಿ ಪ್ಲೇಟ್ ಕೂರಿಸಿದ್ದು, ಇವೆಲ್ಲ ನಿಮಗೂ ಗೊತ್ತಿರುವ ಕೆಲಸವೇ. ಭುಜದ ಹತ್ತಿರದ ಮೇಲಿನ ಆಂಕರ್, ಅಂದರೆ ಬೆಲ್ಟನ್ನು ಗಾಡಿಯ ಬಾಡಿಗೆ ಬಿಗಿಯುವ ಜಾಗ, ಗಟ್ಟಿಯಾಗಿತ್ತು, ಅದನ್ನು ಮುಟ್ಟಲಿಲ್ಲ. ಆದರೆ ಸಾಮಾನು ತಂದ ಕತೆ ಹೇಳಲೇಬೇಕು, ಇನ್ನೊಬ್ಬರು ಮೋಸ ಹೋಗಬಾರದು.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ "ಹೊಸದೇ ಸಾರ್, ಗಾಡಿಯಿಂದ ಈಗ ತಾನೇ ಬಿಚ್ಚಿದ್ದು" ಅಂತ ಒಂದು ಜೊತೆ ಕೊಟ್ಟರು. ಪಟ್ಟಿಯನ್ನು ಪೂರ್ತಿ ಎಳೆದು ನೋಡಿದೆ. ಒಂದು ಕಡೆ ಗೇಣುದ್ದ ಇಸ್ತ್ರಿ ಸುಟ್ಟ ಹಾಗೆ ಹೊಳಪು. ಭುಜದ ಹತ್ತಿರ ಪಟ್ಟಿ ತೂರಿ ಬರುವ ಮೇಲಿನ ಬಳೆಯ ಪ್ಲಾಸ್ಟಿಕ್ ಕೂಡ ಕರಗಿ ಗೀರು ಬಿದ್ದಿತ್ತು. ಅಪಘಾತದಲ್ಲಿ ಒಬ್ಬರ ಭಾರ ಹೊತ್ತ ಬೆಲ್ಟು ಅದು. ಒಂದು ಸಲ ಹಾಗೆ ಹಿಗ್ಗಿದ ಪಟ್ಟಿಯನ್ನು ಮತ್ತೆ ನಂಬಬಾರದು. ಅದನ್ನು ಹೊಸದು ಅಂತ ಮಾರುವುದನ್ನು ಕಂಡು ನಿಜವಾಗಿಯೂ ಸಿಟ್ಟು ಬಂತು. ವಾಪಸ್ ಕೊಟ್ಟು ಬಂದೆ.

ಇನ್ನೊಂದು ಅಂಗಡಿಯಲ್ಲಿ ಸೀಲ್ ಒಡೆಯದ ಹೊಸ ಬೆಲ್ಟು ಸಿಕ್ಕಿತು. ಬೋಲ್ಟೂ ಸರಿಯಾಗಿತ್ತು, 7/16 ಇಂಚು ದಪ್ಪ, ಇಂಚಿಗೆ 20 ಎಳೆ (ತಿರುಪಿನ ಸುತ್ತು). ಜಗತ್ತಿನ ಬಹುತೇಕ ಸೀಟ್ ಬೆಲ್ಟುಗಳಿಗೆ ಇದೇ ಅಳತೆ. ಆದರೆ ಪ್ಲೇಟಿಗೆ ವೆಲ್ಡ್ ಮಾಡಲು ನಟ್ ಕೇಳಿದರೆ ಅವರು ಕೊಟ್ಟಿದ್ದು ಎಂ12, ಅಂದರೆ 12 ಮಿ.ಮೀ. ಬೋಲ್ಟಿನ ನಟ್, 1.25 ಮಿ.ಮೀ. ಪಿಚ್ (ಎಳೆಯಿಂದ ಎಳೆಗೆ ಇರುವ ದೂರ). "ಕೂರುತ್ತೆ ನೋಡಿ ಸಾರ್" ಅಂತ ತಿರುಗಿಸಿಯೂ ತೋರಿಸಿದರು. ಹೌದು, ಕೂರುತ್ತದೆ! ಅಪಾಯ ಇರುವುದೇ ಅಲ್ಲಿ. ಇಂಚಿಗೆ 20 ಎಳೆ ಅಂದರೆ 1.27 ಮಿ.ಮೀ. ಪಿಚ್, ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಬೋಲ್ಟಿನ ದಪ್ಪ 11.1 ಮಿ.ಮೀ. ಮಾತ್ರ. ಎಳೆಯ ತುದಿ ತುದಿಯಷ್ಟೇ ಕಚ್ಚಿಕೊಂಡಿರುತ್ತದೆ. ಕೈಯಲ್ಲಿ ಬಿಗಿ ಮಾಡುವಾಗ ಸರಿಯಾಗಿದೆ ಅನಿಸಿ, ಬೇಕಾದ ಗಳಿಗೆಯಲ್ಲಿ ಕಿತ್ತು ಬರುತ್ತದೆ. ದಯವಿಟ್ಟು ನಟ್ ಒಳಗೆ ಬೋಲ್ಟನ್ನು ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಅದು ತಪ್ಪು ನಟ್. ಯುರೋಪಿನ ನಿಯಮದಲ್ಲಿ ಮೂರು ಪಾಯಿಂಟಿನ ಬೆಲ್ಟಿನ ಆಂಕರ್‌ಗಳನ್ನು ಪರೀಕ್ಷೆ ಮಾಡುವಾಗ ಭುಜದ ಪಟ್ಟಿಯನ್ನು 13,500 ನ್ಯೂಟನ್ ಬಲದಲ್ಲಿ ಎಳೆಯುತ್ತಾರೆ, ಸೊಂಟದ ಪಟ್ಟಿಯನ್ನೂ ಜೊತೆಗೇ ಅಷ್ಟೇ ಬಲದಲ್ಲಿ. ಒಂದೊಂದೂ ಸುಮಾರು 1,375 ಕಿಲೋ ಭಾರ ನೇತುಹಾಕಿದ ಹಾಗೆ. ನನ್ನ ಇಡೀ ಫಿಯಟ್ ಅಷ್ಟು ತೂಗುವುದಿಲ್ಲ.

ಸರಿ, ಈಗ ಅಸಲಿ ಕತೆಗೆ ಬರುತ್ತೇನೆ.

ಬಿ ಪಿಲ್ಲರಿನ, ಅಂದರೆ ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬದ, ಬುಡಕ್ಕೆ ಪ್ಲೇಟ್ ವೆಲ್ಡ್ ಮಾಡಿಸಿ, ಎರಡೂ ಕಡೆ ರೀಲು ಕೂರಿಸಿದೆ. ಶೆಡ್ಡಿನಲ್ಲಿ ಎಳೆದು ನೋಡಿದರೆ ಪಕ್ಕದ ಸೀಟಿನ ಬೆಲ್ಟು ಬೆಣ್ಣೆಯ ಹಾಗೆ ಬಂತು. ಡ್ರೈವರ್ ಕಡೆಯದ್ದು ಟಕ್ ಅಂತ ಲಾಕ್. ಎಷ್ಟು ನಿಧಾನವಾಗಿ ಎಳೆದರೂ ಅಷ್ಟೇ. ರೀಲು ಕೆಟ್ಟಿದೆ ಅಂದುಕೊಂಡೆ. ಆದರೂ ಒಂದು ಸುತ್ತು ಹಾಕೋಣ ಅಂತ ಗಾಡಿಯನ್ನು ರಸ್ತೆಗೆ ಇಳಿಸಿ ಎಳೆದರೆ ಡ್ರೈವರ್ ಕಡೆಯ ಬೆಲ್ಟು ಸಲೀಸಾಗಿ ಬಂತು! ಈಗ ಪಕ್ಕದ್ದು ಲಾಕ್.

ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಬಾಗಿಲು ತೆರೆದಿಟ್ಟು ಜಗ್ಗಾಡಿ ಹೇಗೋ ಬೆಲ್ಟು ಹಾಕಿಸಿದ್ದೆ. ನಮ್ಮ ಮೈಸೂರಿನಲ್ಲಿ ಸರ್ಕಲ್‌ಗಳಿಗೆ ಬರವಿಲ್ಲವಲ್ಲ. ಕೆ.ಆರ್. ಸರ್ಕಲ್ ಸುತ್ತುವಾಗ ಅವಳ ಬೆಲ್ಟು ಬಿಗಿಯಿತು. ಹಾರ್ಡಿಂಜ್ ಸರ್ಕಲ್‌ನಲ್ಲಿ ಮತ್ತೆ ಬಿಗಿಯಿತು. "ರೀ, ಇದು ಬೆಲ್ಟಾ, ಕರು ಕಟ್ಟೋ ಹಗ್ಗಾನಾ?" ಅಂದಳು. ನನ್ನ ಬೆಲ್ಟಿಗೆ ಏನೂ ಆಗಲಿಲ್ಲ.

ಮನೆಗೆ ಬಂದು ರೀಲುಗಳನ್ನು ಅದಲು ಬದಲು ಮಾಡಿದೆ. ಎರಡೂ ಒಂದೇ ಮಾದರಿ, ಎಡ ಬಲ ಅಂತ ಇಲ್ಲ. ಆದರೂ ಅದೇ ಕತೆ. ಶೆಡ್ಡಿನಲ್ಲಿ ಡ್ರೈವರ್ ಕಡೆ ಲಾಕ್, ರಸ್ತೆಯಲ್ಲಿ ಪಕ್ಕದ ಕಡೆ ಲಾಕ್. ಅಂದರೆ ರೀಲಿನದ್ದು ತಪ್ಪಿಲ್ಲ. ಅಲ್ಲಿಂದ ಮುಂದೆ ದಾರಿ ಕಾಣಲಿಲ್ಲ. ಪಟ್ಟಿ ತಿರುಚಿದೆಯಾ, ಬೋಲ್ಟ್ ಬಿಗಿ ಜಾಸ್ತಿ ಆಯಿತಾ, ಮೇಲಿನ ಬಳೆಯಲ್ಲಿ ಉಜ್ಜುತ್ತಿದೆಯಾ, ಎಲ್ಲ ನೋಡಿದೆ. ಮೆಕಾನಿಕ್ ಹತ್ತಿರ ಬಿದ್ದಿದ್ದ ಒಂದು ಹಾಳು ರೀಲನ್ನು ತಂದು, ಸ್ಪ್ರಿಂಗ್ ಇರುವ ಕಡೆ ಮುಟ್ಟದೆ, ಇನ್ನೊಂದು ಕಡೆಯ ಮುಚ್ಚಳ ತೆಗೆದೆ. ಒಳಗೆ ಸಣ್ಣ ಬಟ್ಟಲು, ಅದರಲ್ಲಿ ಒಂದು ಉಕ್ಕಿನ ಗೋಲಿ. ಬ್ರೇಕ್ ಹಾಕಿದಾಗ ಗೋಲಿ ಉರುಳಿ ಮೇಲಿನ ಸಣ್ಣ ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ರೀಲು ನಿಲ್ಲುತ್ತದೆ. ಎಷ್ಟು ಸರಳ! ನೋಡುತ್ತಾ ಕೂತುಬಿಟ್ಟೆ.

ಭಾನುವಾರ ಬೇಸರಕ್ಕೆ ಕಾರು ತೊಳೆದೆ. ಬಕೆಟ್ ನೀರು ಸುರಿದರೆ ಅಷ್ಟೂ ಗಾಡಿಯ ಅಡಿಯಿಂದ ಬಲಕ್ಕೆ, ಡ್ರೈವರ್ ಬಾಗಿಲಿನ ಕಡೆ ಇರುವ ಮೋರಿಗೆ ಹರಿಯಿತು. ಇಷ್ಟು ವರ್ಷ ಹಾಗೇ ಹರಿದಿದೆ. ಆವತ್ತು ಮಾತ್ರ ಆ ಗೋಲಿ ನೆನಪಾಯಿತು. ಬ್ರೇಕ್ ಹಾಕದಿದ್ದರೂ, ರೀಲು ವಾಲಿದರೆ ಗೋಲಿ ಉರುಳುತ್ತದಲ್ಲ!

ಒಳಗೆ ಓಡಿ ರಸಮಟ್ಟ ತಂದೆ. ಶೆಡ್ಡಿನ ನೆಲ ಬಲಕ್ಕೆ 3 ಡಿಗ್ರಿ ಇಳಿಜಾರು. ಆಮೇಲೆ ಮೊಬೈಲ್ ಆ್ಯಪ್ ಹಿಡಿದು ರೀಲಿನ ಕೋನ ನೋಡಿದೆ. ಪದ್ಮಿನಿಯ ಪಿಲ್ಲರ್ ಬುಡದಿಂದ ಕಿಟಕಿಯವರೆಗೆ ಹೊರಕ್ಕೆ ಉಬ್ಬಿದೆ. ಪ್ಲೇಟೂ ಅದೇ ವಾಲಿನಲ್ಲಿ ಕೂತಿತ್ತು. ಮಟ್ಟದ ನೆಲದ ಲೆಕ್ಕದಲ್ಲಿ ಎರಡೂ ರೀಲು 14 ಡಿಗ್ರಿ ಹೊರಕ್ಕೆ ವಾಲಿದ್ದವು. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ.

ಈ ರೀಲುಗಳಿಗೆ ಒಂದು ನಿಯಮ ಇದೆ. 12 ಡಿಗ್ರಿಯವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು. ನಡುವೆ ಎಲ್ಲಿ ಬೇಕಾದರೂ ಆಗಬಹುದು. ನನ್ನವು ಆ ನಡುವಿನ ಜಾಗದಲ್ಲಿ ಕೂತಿದ್ದವು. ಶೆಡ್ಡಿನಲ್ಲಿ ಬಲದ ರೀಲು 17, ಎಡದ್ದು 11. ನಮ್ಮ ರಸ್ತೆ ಎಡ ಅಂಚಿಗೆ ಇಳಿಜಾರು, ಅಲ್ಲಿ ಲೆಕ್ಕ ತಿರುಗಾಮುರುಗಾ. ಇನ್ನು ಸರ್ಕಲ್? ನಾವು ಸರ್ಕಲ್ ಸುತ್ತುವುದು ಯಾವಾಗಲೂ ಬಲಕ್ಕೆ ತಿರುಗುತ್ತಾ. ಎಲ್ಲವೂ ಎಡಕ್ಕೆ ವಾಲುತ್ತದೆ, ಗೋಲಿಯೂ ಎಡಕ್ಕೆ ಉರುಳುತ್ತದೆ. ಮೊದಲೇ ಎಡಕ್ಕೆ ವಾಲಿದ್ದ ಹೆಂಡತಿಯ ರೀಲು ಪ್ರತಿ ಸರ್ಕಲ್‌ನಲ್ಲೂ ಬಿಗಿಯದೆ ಇನ್ನೇನು ಮಾಡುತ್ತದೆ!

ರೀಲು ಹಿಂದೆ ಮುಂದೆ ವಾಲಿದ್ದರೆ ಬೋಲ್ಟ್ ಸಡಿಲಿಸಿ ತಿರುಗಿಸಿದರೆ ಮುಗಿಯುತ್ತಿತ್ತು. ಪಕ್ಕಕ್ಕೆ ವಾಲಿದರೆ ಆ ಉಪಾಯ ನಡೆಯುವುದಿಲ್ಲ. ರೀಲಿನ ಅಡಿಯಲ್ಲಿ ಒಂದು ಬದಿಗೆ ವಾಷರ್ ಇಡಿ ಅಂತ ಇಬ್ಬರು ಹೇಳಿದರು. ಓರೆ ವಾಷರ್ ಮೇಲೆ ಬಿಗಿದ ಬೋಲ್ಟ್ ಬಗ್ಗುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ರೀಲಿನ ಕಾಲನ್ನೇ ಬಗ್ಗಿಸುವುದು ಇನ್ನೂ ಕೆಟ್ಟದ್ದು.

ನಮ್ಮ ವೆಲ್ಡಿಂಗ್ ಮೇಸ್ತ್ರಿಯ ಹತ್ತಿರ ಕೂತು ರಟ್ಟಿನಲ್ಲಿ ಒಂದು ಬೆಣೆ ಕತ್ತರಿಸಿದೆವು. ಅದೇ ಅಳತೆಗೆ 3 ಮಿ.ಮೀ. ತಗಡಿನಲ್ಲಿ ಎಲ್ಲ ಕಡೆ ಮುಚ್ಚಿದ ಡಬ್ಬಿ. ಮುಂದಿನ ಮುಖಕ್ಕೆ 4 ಮಿ.ಮೀ. ಪ್ಲೇಟ್, ಅದರ ಹಿಂದೆ ಸರಿಯಾದ 7/16 ನಟ್. ಈ ಡಬ್ಬಿಯನ್ನು ಪಿಲ್ಲರಿನ ಪ್ಲೇಟಿಗೆ ಸುತ್ತಲೂ ವೆಲ್ಡ್ ಮಾಡಿದೆವು. ಕಾರ್ಪೆಟ್ ಎಲ್ಲ ತೆಗೆದು, ಹಸಿ ಗೋಣಿಚೀಲ ಹಾಸಿ, ಒಂದೊಂದೇ ಇಂಚು, ತಣ್ಣಗಾಗಲು ಬಿಟ್ಟು ಬಿಟ್ಟು.

ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಬಿಚ್ಚಲು ಹೋದಾಗ ಅದನ್ನು ಚಾರ್ಜ್ ಮಾಡುವ ಹಳೇ ಡೈನಮೋ ಕಣ್ಣಿಗೆ ಬಿತ್ತು. ಮುಂದಿನ ಕೆಲಸ ಅದೇ. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಹೆಡ್‌ಲೈಟ್ ಸಂಜೆ ದೀಪದಷ್ಟು ಮಂಕಾಗುತ್ತದೆ. ಸಣ್ಣ ಆಲ್ಟರ್ನೇಟರ್ ಹಾಕಿದರೆ ಐಡಲ್‌ನಲ್ಲೂ ಚಾರ್ಜ್ ಆಗುತ್ತದೆ. ಬ್ರಾಕೆಟ್ ಮಾಡಿಸಬೇಕು, ಫ್ಯಾನ್ ಬೆಲ್ಟಿನ ನೇರಕ್ಕೆ ಪುಲ್ಲಿ ಬರಬೇಕು, ಚಾರ್ಜಿಂಗ್ ದೀಪದ ವೈರ್ ಉಳಿಸಿಕೊಳ್ಳಬೇಕು. ಯಾರಾದರೂ ಮಾಡಿದ್ದರೆ ಯಾವ ಗಾಡಿಯದ್ದು ಹಾಕಿದಿರಿ ಅಂತ ಹೇಳಿ. ಒಂದು ಬೆಲ್ಟು ಮುಗಿಯುವ ಮೊದಲೇ ಇನ್ನೊಂದು ಬೆಲ್ಟಾ ಅಂತ ಮಗಳು ನಗುತ್ತಿದ್ದಾಳೆ.

ನಿನ್ನೆ ಪೇಂಟ್ ಒಣಗಿತು. ರೀಲು ಕೂರಿಸಿ, 40 ನ್ಯೂಟನ್ ಮೀಟರ್‌ಗೆ ಬಿಗಿದು, ರಸಮಟ್ಟ ಇಟ್ಟೆ. ಎಡ ಬಲ ಎರಡೂ 1 ಡಿಗ್ರಿಯೊಳಗೆ. ಶೆಡ್ಡಿನಲ್ಲಿ ಎರಡೂ ಸಲೀಸು. ರಸ್ತೆಯ ಅಂಚಿನಲ್ಲೂ ಸಲೀಸು. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಬ್ರೇಕ್ ಒತ್ತಿದೆ, ಎರಡೂ ಒಂದೇ ಸಲ ಟಕ್ ಅಂತ ಹಿಡಿದವು. ಆ ಸದ್ದು ಕೇಳಿ ಆದ ಖುಷಿ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗಲೂ ಆಗಿರಲಿಲ್ಲ.

ಸಂಜೆ ಹೆಂಡತಿಯನ್ನು ಕರೆದುಕೊಂಡು ಕೆ.ಆರ್. ಸರ್ಕಲ್‌ಗೆ ಬೇಕಂತಲೇ ಮೂರು ಸುತ್ತು ಹಾಕಿದೆ. ಎರಡನೇ ಸುತ್ತಿಗೆ ಅವಳು ಮೊಬೈಲ್ ತೆಗೆದು ತಂಗಿಯ ಜೊತೆ ಮಾತಿಗೆ ಕೂತಳು. ಬೆಲ್ಟಿನ ನೆನಪೇ ಅವಳಿಗಿರಲಿಲ್ಲ.